ಶಿಬಿರದಲ್ಲಿ ಕಣ್ಣಿನ ಒತ್ತಡ ‘ನಾರ್ಮಲ್’ ಎಂದರೆ ಗ್ಲಾಕೋಮಾ ಇಲ್ಲವೆಂದೇ?

ಕಚೇರಿಯಲ್ಲೋ ಅಪಾರ್ಟ್‌ಮೆಂಟ್‌ನಲ್ಲೋ ನಡೆದ ಉಚಿತ ಶಿಬಿರದಲ್ಲಿ ಕಣ್ಣಿಗೆ ಫಸ್ ಎಂದು ಗಾಳಿ ಬಿಟ್ಟು ಒತ್ತಡ ಅಳೆದು, ‘ನಾರ್ಮಲ್ ಇದೆ’ ಎಂದು ನಿಮ್ಮನ್ನು ಕಳುಹಿಸಿರಬಹುದು. ಅಷ್ಟರಿಂದಲೇ ನಿಮಗೆ ಗ್ಲಾಕೋಮಾ ಇಲ್ಲ ಎಂದು ತಿಳಿಯಬೇಡಿ.

ಗ್ಲಾಕೋಮಾದಲ್ಲಿ ಹಾಳಾಗುವುದು ಕಣ್ಣಿನಿಂದ ಮೆದುಳಿಗೆ ಹೋಗುವ ದೃಷ್ಟಿ ನರ. ಕಣ್ಣಿನೊಳಗಿನ ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿ.ಮೀ. ಪಾದರಸದಷ್ಟು ಇರುತ್ತದೆ. ಆದರೆ ಅದು ಒಂದೇ ದಿನದಲ್ಲಿ ಏರಿಳಿಯುತ್ತದೆ. 21ರ ಒಳಗಿದ್ದರೂ ನರ ಸವೆಯುವವರಿದ್ದಾರೆ, 24 ಇದ್ದರೂ ನರ ಚೆನ್ನಾಗಿಯೇ ಇರುವವರೂ ಇದ್ದಾರೆ. ಹಾಗಾಗಿ ವೈದ್ಯರು ದೃಷ್ಟಿ ನರವನ್ನೇ ನೋಡಬೇಕು. ಕಣ್ಣಿನ ದ್ರವ ಹರಿದುಹೋಗುವ ಕೋನ ಕಿರಿದಾಗಿದೆಯೇ ಎಂದು ವಿಶೇಷ ಲೆನ್ಸ್ ಇಟ್ಟು ಪರೀಕ್ಷಿಸಬೇಕು. ಸಂಶಯ ಬಂದರೆ ಸುತ್ತಲಿನ ದೃಷ್ಟಿ ಎಷ್ಟಿದೆ ಎಂದು ಅಳೆಯುವ ಫೀಲ್ಡ್ ಟೆಸ್ಟ್ ಬೇಕು. ಕನ್ನಡಕದ ಅಂಗಡಿಯಲ್ಲಿ ನಂಬರ್ ನೋಡಿಸಿಕೊಂಡರೆ ಇದ್ಯಾವುದೂ ಆಗುವುದಿಲ್ಲ.

ಹಾಗಾದರೆ ಎಲ್ಲರಿಗೂ ಈ ಪರೀಕ್ಷೆ ಮಾಡಿಬಿಡಬಾರದೇ? ದಕ್ಷಿಣ ಭಾರತದ ಸಮೀಕ್ಷೆಗಳ ಪ್ರಕಾರ 40 ದಾಟಿದ 100 ಜನರಲ್ಲಿ ಸುಮಾರು 2–3 ಮಂದಿಗೆ ಗ್ಲಾಕೋಮಾ ಇದೆ. ಅವರಲ್ಲಿ ಹತ್ತಕ್ಕೆ ಒಂಬತ್ತು ಜನರಿಗೆ ಅದು ಗೊತ್ತೇ ಇರಲಿಲ್ಲ. ಈಗ ಒಂದು ಲೆಕ್ಕ ಹಾಕಿ. 1000 ಜನರನ್ನು ಪರೀಕ್ಷಿಸಿದರೆ ರೋಗವಿರುವವರು 25 ಎಂದಿಟ್ಟುಕೊಳ್ಳಿ. ಪರೀಕ್ಷೆಯು ಆರೋಗ್ಯವಂತರಲ್ಲಿ ನೂರಕ್ಕೆ ಹತ್ತು ಜನರನ್ನು ತಪ್ಪಾಗಿ ‘ರೋಗವಿದೆ’ ಎಂದರೂ, 97 ಮಂದಿ ಸುಮ್ಮನೆ ಹೆದರಿ ಆಸ್ಪತ್ರೆ ಅಲೆಯಬೇಕಾಗುತ್ತದೆ. ರೋಗಲಕ್ಷಣವಿಲ್ಲದ ಎಲ್ಲ ವಯಸ್ಕರನ್ನೂ ತಪಾಸಣೆ ಮಾಡಬೇಕೆನ್ನಲು ಪುರಾವೆ ಸಾಲದು ಎಂದು ಅಮೆರಿಕದ ತಜ್ಞರ ಸಮಿತಿಯೂ 2022ರಲ್ಲಿ ಹೇಳಿತು.

ಅಪಾಯ ಹೆಚ್ಚಿರುವವರ ಮಾತು ಬೇರೆ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ, ಹೆಚ್ಚಿನ ಮೈನಸ್ ನಂಬರ್ ಅಥವಾ ಸಕ್ಕರೆ ಕಾಯಿಲೆ ಇದ್ದರೆ, ಬಹಳ ಕಾಲ ಸ್ಟೀರಾಯ್ಡ್ ಬಳಸಿದ್ದರೆ ಶಿಬಿರಕ್ಕಾಗಿ ಕಾಯದೆ ಕಣ್ಣಿನ ವೈದ್ಯರ ಬಳಿ ಪೂರ್ಣ ಪರೀಕ್ಷೆ ಮಾಡಿಸಿ. ಸ್ಟೀರಾಯ್ಡ್ ಕಣ್ಣಿನ ಹನಿಯನ್ನು ಮೆಡಿಕಲ್ ಶಾಪ್‌ನಿಂದ ಚೀಟಿಯಿಲ್ಲದೆ ತಂದು ಹಾಕಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಜಾಸ್ತಿ, ವೈದ್ಯರಿಗೆ ಅದನ್ನೂ ಮುಚ್ಚಿಡದೆ ಹೇಳಿ.

ನಿಮಗೇ ಗ್ಲಾಕೋಮಾ ಇದೆ ಎಂದಾದರೆ, ಊರಲ್ಲಿರುವ ಅಣ್ಣ, ತಂಗಿಯರಿಗೆ ಈ ವಾರವೇ ಫೋನ್ ಮಾಡಿ ತಿಳಿಸಿ. ‘ಕಣ್ಣು ಚೆನ್ನಾಗಿ ಕಾಣ್ತಿದೆಯಲ್ಲ’ ಎಂದು ಅವರು ತಳ್ಳಿಹಾಕಬಹುದು. ಮೊದಲು ಹೋಗುವುದು ಅಂಚಿನ ದೃಷ್ಟಿಯಾದ್ದರಿಂದ ಹಾಗೇ ಅನಿಸುತ್ತದೆ. ಪೊರೆಯಾದರೆ ಆಪರೇಷನ್‌ನಿಂದ ದೃಷ್ಟಿ ಬರುತ್ತದೆ. ಗ್ಲಾಕೋಮಾದಲ್ಲಿ ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಹನಿ, ಲೇಸರ್ ಅಥವಾ ಶಸ್ತ್ರಚಿಕಿತ್ಸೆಯಿಂದ ಕಾಪಾಡಬಹುದು.

ಇದ್ದಕ್ಕಿದ್ದಂತೆ ಕಣ್ಣು ಕೆಂಪಾಗಿ ತೀವ್ರ ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಅದೇ ದಿನ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ.