ಆಡಿನ ಹಾಲಿನ ಅಲರ್ಜಿ ಪ್ರೋಟೀನು: ಅಳತೆಯ ಚರಿತ್ರೆಯಲ್ಲೊಂದು ತಪ್ಪು ಓದು

ಆಕಳ ಹಾಲು ಒಗ್ಗದ ಕೂಸಿಗೆ ಆಡಿನ ಹಾಲು ಹಾಕಿರಿ ಎಂಬ ಹಳೆಯ ಸಲಹೆಗೆ ಈಗ ವಿಜ್ಞಾನದ ಮುದ್ರೆಯೂ ಬಿದ್ದಿದೆ. ಅದರ ಬೇರು ಹುಡುಕಿದರೆ ಸಿಗುವುದು 1960ರ ದಶಕದಲ್ಲಿ ಬ್ರಿಟಿಷ್ ಗೋಟ್ ಸೊಸೈಟಿಯ ವಾರ್ಷಿಕ ಸಂಚಿಕೆಗೆ ವಾಕರ್ ಬರೆದ ಒಂದು ಲೇಖನ. ಆಕಳ ಹಾಲಿನ ಅಲರ್ಜಿಯಿದ್ದ ನೂರು ಕೂಸುಗಳಲ್ಲಿ ಆಡಿನ ಹಾಲಿನ ಮೇಲೆ ಬೆಳೆಯದೆ ಹೋದದ್ದು ಒಂದೇ ಎಂಬ ಅದರ ಮಾತನ್ನು ಆಡಿನ ಹಾಲಿನ ಸಂಶೋಧಕರಾದ ಪಾರ್ಕ್, ಹೈನ್‌ಲೈನ್ ಮುಂತಾದವರು ತಮ್ಮ ಸಮೀಕ್ಷೆಗಳಲ್ಲಿ ಎತ್ತಿಕೊಂಡರು. ಆಡು ಸಾಕಣೆಗೆ ಹೈನ್‌ಲೈನ್ ಸಲ್ಲಿಸಿದ ಸೇವೆ ದೊಡ್ಡದು. ಈ ಒಂದು ಮಾತಿನ ಮಟ್ಟಿಗೆ ಮಾತ್ರ ಅವರನ್ನು ಒಪ್ಪಲಾರೆ. ಕೂಸು ತೂಕ ಕಟ್ಟಿತು ಎಂಬುದು ಪ್ರೋಟೀನಿನ ಅಳತೆಯಲ್ಲ. ಲ್ಯಾಕ್ಟೋಸ್ ಅರಗದ ಕೂಸು, ಅಲರ್ಜಿಯ ಕೂಸು ಎರಡನ್ನೂ ಒಂದೇ ಪಟ್ಟಿಗೆ ಸೇರಿಸಿದರೆ ಎಂಥ ಲೆಕ್ಕವೂ ಸುಂದರವಾಗಿ ಕಾಣುತ್ತದೆ.

ನಿಜವಾದ ಅಳತೆ ಬಂದದ್ದು 1987ರಲ್ಲಿ, ಫ್ರಾನ್ಸಿನ ಗ್ರೋಕ್ಲೋದ್ ಮತ್ತು ಸಂಗಡಿಗರಿಂದ. ಅಲರ್ಜಿ ಎಬ್ಬಿಸುವ ಹಾಲಿನ ಪ್ರೋಟೀನುಗಳಲ್ಲೊಂದಾದ ಆಲ್ಫಾ-ಎಸ್1 ಕೇಸೀನಿನ ಪ್ರಮಾಣ ಆಡಿನಿಂದ ಆಡಿಗೆ ಬದಲಾಗುವುದು ಮೇವಿನಿಂದಲ್ಲ, ವಂಶವಾಹಿಯಿಂದ ಎಂದು ಅವರು ತೋರಿಸಿದರು. ಆ ವಂಶವಾಹಿಯ ಎ, ಬಿ, ಸಿ ರೂಪಗಳಲ್ಲಿ ಒಂದೊಂದು ಪ್ರತಿಯೂ ಲೀಟರಿಗೆ ಸುಮಾರು 3.5 ಗ್ರಾಂ ಕೊಡುತ್ತದೆ. ಎಫ್ ರೂಪ ಅರ್ಧ ಗ್ರಾಂ ಆಸುಪಾಸು. ಓ ರೂಪ ಏನೂ ಕೊಡುವುದಿಲ್ಲ. ತಾಯಿತಂದೆಯಿಂದ ಬಂದ ಎರಡೂ ಪ್ರತಿ ಎ ಆಗಿರುವ ಆಡಿನ ಹಾಲಿನಲ್ಲಿ ಲೀಟರಿಗೆ 7 ಗ್ರಾಂ ಬಂದಂತಾಯಿತು. ಆಕಳ ಹಾಲಿನಲ್ಲಿ ಅದು ಸುಮಾರು 10 ಗ್ರಾಂ. ಈ ಅಂತರವನ್ನು ಅಲರ್ಜಿಯಿಂದ ರಕ್ಷಣೆ ಎಂದು ಕರೆಯಲು ನನಗೆ ಧೈರ್ಯವಿಲ್ಲ.

ಆಡಿನ ಹಾಲಿನ ಬಗ್ಗೆ ಬರೆಯುವ ನಮ್ಮವರು ಎಡವಿದ್ದು ಇಲ್ಲಿಯೇ. 'ಆಡಿನ ಹಾಲಿನಲ್ಲಿ ಆ ಪ್ರೋಟೀನು ಕಡಿಮೆ' ಎಂಬ ಮಾತು ಎಫ್, ಓ ರೂಪಗಳು ಸಾಮಾನ್ಯವಾಗಿರುವ ಯುರೋಪಿನ ಹಿಂಡುಗಳಿಂದ ಬಂದದ್ದು. ಮಥುರಾ ಬಳಿಯ ಮಖ್ದೂಮ್‌ನ ಕೇಂದ್ರೀಯ ಆಡು ಸಂಶೋಧನಾ ಸಂಸ್ಥೆಯವರು 2007ರಲ್ಲಿ ಭಾರತದ ಆಡುಗಳ ಈ ವಂಶವಾಹಿಯನ್ನು ಪರೀಕ್ಷಿಸಿದಾಗ ಮೇಲುಗೈಯಾಗಿ ಕಂಡದ್ದು ಹೆಚ್ಚು ಕೇಸೀನು ಕೊಡುವ ರೂಪಗಳು. ಆ ಲೇಖನವನ್ನು ಬದಿಗಿಟ್ಟು, ಯುರೋಪಿನ ಆಲ್ಪೈನ್ ತಳಿಯ ಆಡಿನ ಅಂಕಿಯನ್ನು ಗದಗ ಜಿಲ್ಲೆಯ ಕಪ್ಪತಗುಡ್ಡದ ಕೆಳಗೆ ಮೇಯುವ ಆಡಿಗೆ ಹಚ್ಚುವುದು ಸಂಶೋಧನೆಯಲ್ಲ, ನಕಲು.

ಅಳೆಯುವ ಸಾಧನದ ಮಾತೂ ಇದೆ. ಕೆಲ್ದಾಲ್ ವಿಧಾನ ಸಾರಜನಕವನ್ನು 6.38ರಿಂದ ಗುಣಿಸಿ ಒಟ್ಟು ಪ್ರೋಟೀನು ಹೇಳುತ್ತದೆ. ಯಾವ ಪ್ರೋಟೀನು ಎಷ್ಟೆಂದು ಹೇಳುವುದಿಲ್ಲ. ಪ್ರತಿಕಾಯದಿಂದ ಪ್ರೋಟೀನು ಗುರುತಿಸುವ ಎಲೈಸಾ ಕಿಟ್ಟಿನಲ್ಲಿ ಆ ಪ್ರತಿಕಾಯ ಆಕಳ ಪ್ರೋಟೀನಿನ ಮೇಲೆ ತಯಾರಾಗಿದ್ದರೆ ಆಡಿನ ಪ್ರೋಟೀನನ್ನು ಅದು ಅರೆಬರೆ ಹಿಡಿಯಬಹುದು. ಆಗ ಬರುವ ಸಣ್ಣ ಅಂಕಿ ಕಿಟ್ಟಿನ ದೋಷ, ಹಾಲಿನ ಗುಣವಲ್ಲ. ಹತ್ತು ಮನೆಯ ಹಾಲು ಕೂಡಿಸಿದ ಕ್ಯಾನಿನ ಮಾದರಿಯೂ ಬೇಡ. ಒಂದೊಂದು ಆಡಿನ ವ್ಯತ್ಯಾಸ ಅದರಲ್ಲಿ ಮುಚ್ಚಿಹೋಗುತ್ತದೆ. ಹಾಲು ಕಾಸಿದರೆ ಅಲರ್ಜಿ ಸರಿಹೋಗುತ್ತದೆ ಎನ್ನುವವರಿಗೆ ಒಂದೇ ಉತ್ತರ: ಹಾಲಿನ ಇನ್ನೊಂದು ಅಲರ್ಜಿ ಪ್ರೋಟೀನಾದ ಬೀಟಾ-ಲ್ಯಾಕ್ಟೊಗ್ಲಾಬ್ಯುಲಿನ್ ಕಾವಿಗೆ ರೂಪಗೆಡುತ್ತದೆ, ಕೇಸೀನು ಬಹುಮಟ್ಟಿಗೆ ಹಾಗೇ ಉಳಿಯುತ್ತದೆ.

ಇಷ್ಟಾದ ಮೇಲೂ ವಾಕರನನ್ನೇ ನಂಬುವವರು 1999ರಲ್ಲಿ ಬೆಲ್ಲಿಯೋನಿ-ಬುಸಿಂಕೊ ಮತ್ತು ಸಂಗಡಿಗರು ಇಟಲಿಯಲ್ಲಿ ನಡೆಸಿದ ಪರೀಕ್ಷೆಯನ್ನು ಓದಲಿ. ಆಕಳ ಹಾಲಿನ ಅಲರ್ಜಿಯಿದ್ದ 26 ಮಕ್ಕಳಿಗೆ, ಕೊಡುವವರಿಗೂ ಕುಡಿಯುವವರಿಗೂ ಯಾವುದೆಂದು ತಿಳಿಯದಂತೆ, ಆಡಿನ ಹಾಲು ಕೊಟ್ಟರು. 24 ಮಕ್ಕಳಿಗೆ ಅಲರ್ಜಿ ಎದ್ದಿತು. ಎರಡು ಪ್ರಾಣಿಗಳ ಕೇಸೀನುಗಳ ರಚನೆ ಅಷ್ಟು ಹತ್ತಿರ.

ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ, ವೈದ್ಯಕೀಯ ವಿಜ್ಞಾನ ಸಂಸ್ಥೆಯೂ ಇದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಆಡುಗಳಿಂದ ಒಂದೊಂದಾಗಿ ಹಾಲೂ ರಕ್ತವೂ ತೆಗೆದು, ವಂಶವಾಹಿಯ ರೂಪವನ್ನೂ ಕೇಸೀನಿನ ಪ್ರಮಾಣವನ್ನೂ ಜೋಡಿಸಿ ಪ್ರಕಟಿಸಬೇಕೆಂದು ಆ ಎರಡೂ ಸಂಸ್ಥೆಗಳನ್ನು ಕೇಳಿಕೊಳ್ಳುತ್ತೇನೆ. ತಾಯಂದಿರಿಗೆ ಹೇಳುವುದಿಷ್ಟು: ಆಕಳ ಹಾಲಿನ ಅಲರ್ಜಿಯಿರುವ ಕೂಸಿಗೆ ವೈದ್ಯರ ಪರೀಕ್ಷೆಯಿಲ್ಲದೆ ಆಡಿನ ಹಾಲು ಹಾಕಬೇಡಿರಿ.