ಗೋಡೆ, ಬಾಗಿಲು ಮತ್ತು ಟ್ರಾನ್ಸಿಸ್ಟರ್

ನಿಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯನ್ನು ಒಮ್ಮೆ ನೆನಪಿಸಿಕೊಳ್ಳಿ. ಉದ್ದನೆಯ ಮೇಜು, ಸುತ್ತ ಎಂಟು ಹತ್ತು ಕುರ್ಚಿ, ಗೋಡೆಯ ಪಕ್ಕ ಕಬ್ಬಿಣದ ಬೀರು. ಅಲ್ಲಿ ಕುಳಿತು ಒಂದು ಪುಟ ಲೆಕ್ಕ ಮುಗಿಸುವುದು ಕಷ್ಟ. ಆದರೆ ರಸಾಯನವಿಜ್ಞಾನದ ಸಹೋದ್ಯೋಗಿ ಆಡಿದ ಒಂದು ಮಾತಿನಿಂದ ನಿಮ್ಮ ಮಾರನೆಯ ದಿನದ ಪಾಠ ಸುಧಾರಿಸಿದ್ದೂ ಉಂಟಲ್ಲವೇ? ಎಲ್ಲರೂ ಒಟ್ಟಿಗೆ ಕೂರುವ ಬಯಲು ಕಚೇರಿ ಒಳ್ಳೆಯದೋ, ಒಬ್ಬೊಬ್ಬರಿಗೆ ಒಂದೊಂದು ಕೊಠಡಿಯೋ ಎಂಬ ವಾದ ಇಂದಿನದಲ್ಲ. ಭೌತವಿಜ್ಞಾನದ ಇತಿಹಾಸದಲ್ಲೇ ಇದಕ್ಕೊಂದು ಸೊಗಸಾದ ಉದಾಹರಣೆ ಇದೆ.

ಅಮೆರಿಕದ ನ್ಯೂಜೆರ್ಸಿಯ ಮರ್ರೆ ಹಿಲ್ ಎಂಬಲ್ಲಿ 1941ರಲ್ಲಿ ಬೆಲ್ ಪ್ರಯೋಗಾಲಯದ ಹೊಸ ಕಟ್ಟಡ ಸಿದ್ಧವಾಯಿತು. ಒಳಗೋಡೆಗಳನ್ನು ಬೇಕೆಂದಾಗ ಕಳಚಿ ಬೇರೆಡೆ ನಿಲ್ಲಿಸಬಹುದಿತ್ತು. ಮಧ್ಯೆ ಬಲು ಉದ್ದದ ಓಣಿ. ಒಬ್ಬ ವಿಜ್ಞಾನಿಯ ಕಚೇರಿ ಒಂದು ಕಡೆ, ಪ್ರಯೋಗಶಾಲೆ ಇನ್ನೊಂದು ಕಡೆ ಇರುತ್ತಿದ್ದುದೂ ಉಂಟು. ನಡೆಯುವಾಗ ದಾರಿಯಲ್ಲಿ ಯಾರಾದರೂ ಸಿಗಲೇಬೇಕು! ಕೊಠಡಿಗಳಿದ್ದವು, ಬಾಗಿಲುಗಳೂ ಇದ್ದವು; ಆದರೆ ಬಾಗಿಲು ತೆರೆದಿಟ್ಟು ಕೆಲಸ ಮಾಡುವುದು ಅಲ್ಲಿಯ ರೂಢಿ.

ಯುದ್ಧ ಮುಗಿದ ಮೇಲೆ ಕಟ್ಟಡ ತುಂಬಿಹೋಯಿತು. 1945ರ ಅಕ್ಟೋಬರಿನಲ್ಲಿ ಜಾನ್ ಬಾರ್ಡೀನ್ ಕೆಲಸಕ್ಕೆ ಸೇರಿದಾಗ ಅವರಿಗೆ ಕೊಡಲು ಪ್ರತ್ಯೇಕ ಕೊಠಡಿಯೇ ಇರಲಿಲ್ಲ. ವಾಲ್ಟರ್ ಬ್ರಾಟೈನ್ ಮತ್ತು ಜೆರಾಲ್ಡ್ ಪಿಯರ್ಸನ್ ಎಂಬ ಇಬ್ಬರು ಪ್ರಯೋಗಕಾರರ ಕೊಠಡಿಯಲ್ಲಿ ಅವರನ್ನೂ ಕೂರಿಸಲಾಯಿತು. ಬಾರ್ಡೀನ್ ಸೈದ್ಧಾಂತಿಕ ಭೌತವಿಜ್ಞಾನಿ, ಮಿತಭಾಷಿ. ಬ್ರಾಟೈನ್ ಮಾತುಗಾರ, ಕೈಚಳಕದ ಪ್ರಯೋಗಕಾರ. ಆ ಇಬ್ಬರ ಅರೆವಾಹಕ ಪ್ರಯೋಗಗಳನ್ನು ಪಕ್ಕದಲ್ಲೇ ಕುಳಿತು ಕೇಳುತ್ತಾ ಬಾರ್ಡೀನ್‌ಗೂ ಅದರಲ್ಲಿ ಆಸಕ್ತಿ ಹುಟ್ಟಿತು. ತಂಡದ ಮುಖ್ಯಸ್ಥ ವಿಲಿಯಂ ಶಾಕ್ಲಿ ರೂಪಿಸಿದ್ದ ವರ್ಧಕವೊಂದು ಏಕೆ ಕೆಲಸ ಮಾಡುತ್ತಿಲ್ಲ ಎಂಬ ಒಗಟಿಗೆ, ಎಲೆಕ್ಟ್ರಾನುಗಳು ಅರೆವಾಹಕದ ಮೇಲ್ಮೈಯಲ್ಲೇ ಸಿಕ್ಕಿಬೀಳುತ್ತವೆ ಎಂಬ ಉತ್ತರವನ್ನು 1946ರಲ್ಲಿ ಕೊಟ್ಟವರು ಅವರೇ. 1947ರ ಡಿಸೆಂಬರ್ 16ರಂದು ಜರ್ಮೇನಿಯಮ್ ತುಂಡಿನ ಮೇಲೆ ಚಿನ್ನದ ಹಾಳೆಯ ಎರಡು ಅಂಚುಗಳನ್ನು ಒತ್ತಿ ಹಿಡಿದು ಬಾರ್ಡೀನ್ ಮತ್ತು ಬ್ರಾಟೈನ್ ಮೊದಲ ಟ್ರಾನ್ಸಿಸ್ಟರನ್ನು ಪಡೆದರು. ಸ್ಥಳದ ಅಭಾವಕ್ಕೂ ನಾವು ಕೆಲವೊಮ್ಮೆ ಋಣಿಗಳು!

ಇಲ್ಲಿಗೇ ನಿಲ್ಲಿಸಿದರೆ ಬಯಲು ಕಚೇರಿಯ ಪಕ್ಷ ಗೆದ್ದಂತೆ. ಆದರೆ ಕಥೆಯ ಎರಡನೆಯ ಭಾಗ ಬೇರೆಯೇ ಇದೆ. ಈ ಆವಿಷ್ಕಾರದಲ್ಲಿ ತನ್ನ ನೇರ ಪಾಲಿಲ್ಲವೆಂದು ಕಸಿವಿಸಿಗೊಂಡ ಶಾಕ್ಲಿ, ವರ್ಷಾಂತ್ಯದಲ್ಲಿ ಚಿಕಾಗೋದ ಹೋಟೆಲ್ ಕೋಣೆಯೊಂದರಲ್ಲಿ ಒಬ್ಬರೇ ಕುಳಿತು ಪುಟಗಟ್ಟಲೆ ಬರೆದರು. 1948ರ ಜನವರಿ 23ರಂದು, ಮನೆಯಲ್ಲಿದ್ದಾಗ, ಸಂಧಿ ಟ್ರಾನ್ಸಿಸ್ಟರಿನ ಕಲ್ಪನೆ ಅವರಿಗೆ ಹೊಳೆಯಿತು. ತಯಾರಿಕೆಯಲ್ಲಿ ಮುಂದೆ ನಿಂತದ್ದು ಆ ಏಕಾಂತದ ಕೂಸೇ. ಶಾಕ್ಲಿ ಅದನ್ನು ಕೆಲವು ವಾರ ಸಹೋದ್ಯೋಗಿಗಳಿಗೂ ಹೇಳಲಿಲ್ಲ. ಮುಚ್ಚಿದ ಬಾಗಿಲಿಗೆ ಬೆಲೆಯೂ ತೆರಬೇಕಾಯಿತು: ಮನಸ್ತಾಪ ಬೆಳೆದು ಬಾರ್ಡೀನ್ 1951ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಹೊರಟುಹೋದರು. 1956ರ ನೊಬೆಲ್ ಮೂವರಿಗೂ ಬಂದಿತು.

ಅದೇ ಪ್ರಯೋಗಾಲಯದ ಗಣಿತಜ್ಞ ರಿಚರ್ಡ್ ಹ್ಯಾಮಿಂಗ್ 1986ರ ಉಪನ್ಯಾಸವೊಂದರಲ್ಲಿ ತಮ್ಮ ಅನುಭವ ಹೇಳಿದ್ದಾರೆ. ಬಾಗಿಲು ಮುಚ್ಚಿಕೊಂಡವರು ಇಂದು ಹೆಚ್ಚು ಕೆಲಸ ಮಾಡುತ್ತಾರೆ; ಆದರೆ ಹತ್ತು ವರ್ಷಗಳಲ್ಲಿ, ಯಾವ ಸಮಸ್ಯೆ ಕೈಗೆತ್ತಿಕೊಳ್ಳಲು ಯೋಗ್ಯವೆಂಬುದೇ ಅವರಿಗೆ ತಿಳಿಯದಂತಾಗುತ್ತದೆ. ಅವರು ಹೇಳಿದ್ದು ಬಾಗಿಲಿನ ವಿಚಾರ ಎಂಬುದನ್ನು ಗಮನಿಸಿ. ಬಾಗಿಲಿದ್ದರೆ ತೆರೆಯಬಹುದು, ಮುಚ್ಚಲೂಬಹುದು.

ಕಚೇರಿ ಕಟ್ಟುವವರು ಬಾಗಿಲನ್ನೇ ಕೈಬಿಟ್ಟರು. 1950ರ ದಶಕದ ಕೊನೆಗೆ ಜರ್ಮನಿಯ ಶ್ನೆಲ್ಲೆ ಸಹೋದರರು ಗೋಡೆಗಳಿಲ್ಲದ ‘ಕಚೇರಿ ಭೂದೃಶ್ಯ’ವನ್ನು ಮುಂದಿಟ್ಟರು. 1968ರಲ್ಲಿ ಅಮೆರಿಕದ ರಾಬರ್ಟ್ ಪ್ರಾಪ್ಸ್ಟ್ ರೂಪಿಸಿದ ಜೋಡಣೆಯ ಅಡ್ಡಪಟ್ಟಿಕೆಗಳು ಮಾರುಕಟ್ಟೆಗೆ ಬಂದವು. ಜಾಗ ಉಳಿಸುವ ಆಸೆಯಿಂದ ಕಂಪನಿಗಳು ಅವನ್ನು ಇಕ್ಕಟ್ಟಾದ ಗೂಡುಗಳಾಗಿಸಿದ್ದು ಪ್ರಾಪ್ಸ್ಟ್‌ಗೇ ಹಿಡಿಸಲಿಲ್ಲ.

ಈ ಪಟ್ಟಿಕೆಯನ್ನು ಭೌತವಿಜ್ಞಾನದ ಕಣ್ಣಿನಿಂದ ನೋಡಿ. ಬೆಳಕಿನ ತರಂಗದೂರ ಒಂದು ಮೈಕ್ರೋಮೀಟರಿಗಿಂತ ಕಡಿಮೆ. ಒಂದೂವರೆ ಮೀಟರ್ ಎತ್ತರದ ಪಟ್ಟಿಕೆ ಅದನ್ನು ಸಲೀಸಾಗಿ ತಡೆಯುತ್ತದೆ. 500 ಹರ್ಟ್ಸ್ ಧ್ವನಿಯ ತರಂಗದೂರವಾದರೋ ಸುಮಾರು 68 ಸೆಂಟಿಮೀಟರ್. ವಿವರ್ತನೆಯಿಂದ ಅದು ಪಟ್ಟಿಕೆಯ ಅಂಚನ್ನು ಬಳಸಿ ಆಚೆ ಇಳಿಯುತ್ತದೆ. ಹೆಚ್ಚು ಆವೃತ್ತಿಯ ಧ್ವನಿ ಗಟ್ಟಿ ತಾರಸಿಗೆ ಬಡಿದು ಪ್ರತಿಫಲಿಸಿ ಬರುತ್ತದೆ. ಬಯಲಿನಲ್ಲಾದರೆ ದೂರ ಇಮ್ಮಡಿಯಾದಾಗಲೆಲ್ಲ ಧ್ವನಿಮಟ್ಟ 6 ಡೆಸಿಬೆಲ್ ಇಳಿಯುತ್ತದೆ. ತಾರಸಿಯ ಕೆಳಗೆ ಅಷ್ಟೂ ಇಳಿಯುವುದಿಲ್ಲ. ಹೀಗೆ ನೆರೆಯವರ ಮುಖ ಮರೆಯಾಗುತ್ತದೆ, ಮಾತು ಮಾತ್ರ ಉಳಿಯುತ್ತದೆ. ನಿಲುವು ಕರಿಹಲಗೆಯ ಹಿಂದೆ ಒಬ್ಬ ವಿದ್ಯಾರ್ಥಿಯನ್ನು ನಿಲ್ಲಿಸಿ ಮಾತನಾಡಿಸಿ, ಇದನ್ನು ತರಗತಿಯಲ್ಲೇ ತೋರಿಸಬಹುದು.

ಗೋಡೆ ತೆಗೆದರೆ ಮಾತುಕತೆಯಾದರೂ ಹೆಚ್ಚುವುದೇ? ಹಾರ್ವರ್ಡ್‌ನ ಈಥನ್ ಬರ್ನ್‌ಸ್ಟೈನ್ ಮತ್ತು ಸ್ಟೀಫನ್ ಟರ್ಬನ್ ಎರಡು ದೊಡ್ಡ ಕಂಪನಿಗಳ ನೌಕರರಿಗೆ ಸಂವೇದಕಗಳನ್ನು ತೊಡಿಸಿ ಇದನ್ನು ಅಳೆದರು. 2018ರಲ್ಲಿ ಪ್ರಕಟವಾದ ಅವರ ಫಲಿತಾಂಶದಂತೆ, ಬಯಲು ಕಚೇರಿಗೆ ಬಂದ ಮೇಲೆ ಮುಖಾಮುಖಿ ಮಾತುಕತೆ ಸುಮಾರು 70 ಶೇಕಡಾ ಇಳಿಯಿತು, ಇ-ಮೇಲ್ ಏರಿತು.

ಇದನ್ನು ಓದಿದ ಮೇಲೆ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ವಿಚಾರಿಸಿದೆ. ಅವನ ಕಚೇರಿಯಲ್ಲಿ ಗೋಡೆಗಳಿಲ್ಲ. ಎಲ್ಲರ ಕಿವಿಯಲ್ಲೂ ಹೆಡ್‌ಫೋನ್. ‘ಪಕ್ಕದ ಮೇಜಿನವರಿಗೆ ಏನಾದರೂ ಹೇಳಬೇಕಾದರೆ ಏನು ಮಾಡುತ್ತೀಯಪ್ಪಾ?’ ಎಂದೆ.

‘ಮೆಸೇಜ್ ಕಳಿಸ್ತೀನಿ ಸರ್’ ಎಂದ.