ಬಾರಾಮತಿಯ ಗರಸು ನೆಲದಲ್ಲಿ ಕೆಂಪು ವೈನ್: ಮಣ್ಣಿಗೂ ರುಚಿಗೂ ಏನು ಸಂಬಂಧ?

ಬಾರಾಮತಿ ಎಂದ ಕೂಡಲೇ ನೆನಪಾಗುವುದು ಕಬ್ಬು, ಸಕ್ಕರೆ ಕಾರ್ಖಾನೆ ಮತ್ತು ಪವಾರ್ ಕುಟುಂಬದ ರಾಜಕೀಯ. ಆದರೆ ಪಾಟಸ್ ಕಡೆಯಿಂದ ಬಾರಾಮತಿಗೆ ಹೋಗುವ ದಾರಿಯಲ್ಲಿ, ಸಂತ ತುಕಾರಾಮರ ಪಾಲಖಿ ಸಾಗುವ ರೋಟಿ ಘಾಟ್ ಆಸುಪಾಸಿನಲ್ಲಿ, ಫ್ರಾನ್ಸಿನ ಹಳೆಯ ಅರಮನೆಯಂತೆ ಕಾಣುವ ಕಟ್ಟಡವೊಂದಿದೆ. ಅದು ಫೋರ್ ಸೀಸನ್ಸ್ ವೈನರಿ. ವಿಜಯ್ ಮಲ್ಯ ಅವರ ಯುಬಿ ಸಮೂಹದ ಕಾಲದಲ್ಲಿ ಶುರುವಾದ ಇದು ಮುಂದೆ ನಮ್ಮ ದೊಡ್ಡಬಳ್ಳಾಪುರದ ಗ್ರೋವರ್ ಜಂಪಾ ಕಂಪನಿಯ ಪಾಲಾಯಿತು.

ಕೆಳಗೆ ನೀರಾ ಎಡದಂಡೆ ಕಾಲುವೆಯ ನೀರು ಕುಡಿದ ಕಪ್ಪು ಮಣ್ಣು ಬೇಕಾದಷ್ಟಿದೆ. ಹಾಗಿದ್ದರೂ ವೈನ್ ದ್ರಾಕ್ಷಿಗೆ ಕಲ್ಲುದಿಬ್ಬವೇ ಯಾಕೆ ಬೇಕು?

ಬಳ್ಳಿ ಸ್ವಲ್ಪ ಬಾಯಾರಬೇಕು

ಬಾರಾಮತಿಯ ನೆಲ ದಖ್ಖನ್‌ನ ಬಸಾಲ್ಟ್ ಶಿಲೆಯಿಂದ ಹುಟ್ಟಿದ್ದು. ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಲಾವಾ ಅದು. ತಗ್ಗಿನಲ್ಲಿ ಅದು ಆಳವಾದ ಎರೆ ಮಣ್ಣಾಗಿದೆ. ದಿಬ್ಬದಲ್ಲಿ ಅರ್ಧ ಕೊಳೆತ ಕಲ್ಲಾಗಿ, ಅಂದರೆ ಗರಸಾಗಿ ಉಳಿದಿದೆ. ಮರಾಠಿಯಲ್ಲಿ ಇದನ್ನೇ ಮುರೂಮ್ ಎನ್ನುತ್ತಾರೆ.

ಎರೆ ಮಣ್ಣಿನ ಜೇಡಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಳ್ಳಿ ಎಲೆ, ಚಿಗುರು ಹಾಕುತ್ತಲೇ ಹೋಗುತ್ತದೆ, ಕಾಯಿ ದಪ್ಪಗಾಗುತ್ತದೆ, ರಸ ತೆಳುವಾಗುತ್ತದೆ. ತಿನ್ನುವ ದ್ರಾಕ್ಷಿಗೆ ಇದು ಲಾಭವೇ. ಕೆಂಪು ವೈನ್‌ಗೆ ಮಾತ್ರ ಅಲ್ಲ. ಅದರ ಬಣ್ಣ, ಒಗರು ಎರಡೂ ಹೆಚ್ಚಾಗಿ ಬರುವುದು ಸಿಪ್ಪೆಯಿಂದ. ಹಣ್ಣು ಚಿಕ್ಕದಾದಷ್ಟೂ ರಸಕ್ಕೆ ಹೋಲಿಸಿದರೆ ಸಿಪ್ಪೆಯ ಪಾಲು ಹೆಚ್ಚು. ಗರಸಿನಲ್ಲಿ ನೀರು ಬಸಿದುಹೋಗುವುದರಿಂದ ಹನಿ ನೀರಾವರಿಯ ನಲ್ಲಿ ತಿರುಗಿಸುವವನೇ ಬಳ್ಳಿಯ ಬೆಳವಣಿಗೆಯನ್ನು ಹಿಡಿತದಲ್ಲಿ ಇಟ್ಟುಕೊಳ್ಳಬಹುದು.

ಹಾಗಂತ ಕಲ್ಲಿನ ರುಚಿ ನೇರವಾಗಿ ಲೋಟಕ್ಕೆ ಇಳಿಯುತ್ತದೆ ಎನ್ನುವುದು ಮಾರಾಟಗಾರರ ಮಾತು. ಮಣ್ಣು ಕೆಲಸ ಮಾಡುವುದು ನೀರು, ಬೇರಿನ ಆಳ ಮತ್ತು ಪೋಷಕಾಂಶಗಳ ಮೂಲಕ. ಉದಾಹರಣೆಗೆ, ಮಣ್ಣಿನಿಂದ ಪೊಟ್ಯಾಸಿಯಂ ಅತಿಯಾಗಿ ಹಣ್ಣಿಗೆ ಸೇರಿದರೆ ರಸದ ಹುಳಿ ಕುಗ್ಗುತ್ತದೆ, ಕೆಂಪು ಬಣ್ಣವೂ ಮಂಕಾಗುತ್ತದೆ.

ಇಟಲಿಯಲ್ಲಿ ಹೇಗೆ?

ಈ ಲೆಕ್ಕಾಚಾರವನ್ನು ಇಟಲಿ ಕಾನೂನಾಗಿಯೇ ಬರೆದಿಟ್ಟಿದೆ. ವಾಯವ್ಯ ಇಟಲಿಯ ಪೀಡ್ಮಾಂಟ್‌ನಲ್ಲಿ ನೆಬ್ಬಿಯೋಲೊ ಎಂಬ ಒಂದೇ ತಳಿಯಿಂದ ಬರೋಲೊ ವೈನ್ ತಯಾರಾಗುತ್ತದೆ. 11 ಊರುಗಳ ಗುಡ್ಡದ ಇಳಿಜಾರುಗಳಲ್ಲಿ ಮಾತ್ರ ಅದಕ್ಕೆ ಅನುಮತಿ. ಉತ್ತರಕ್ಕೆ ಮುಖ ಮಾಡಿದ ಇಳಿಜಾರು ಆಗದು, ಹೆಕ್ಟೇರಿಗೆ 8 ಟನ್‌ಗಿಂತ ಹೆಚ್ಚು ಹಣ್ಣು ತೆಗೆಯುವಂತಿಲ್ಲ. ಅಲ್ಲೇ ಲಾ ಮೊರ್ರಾ ಊರಿನ ನೀಲಿಛಾಯೆಯ ಸುಣ್ಣಜೇಡಿಯಲ್ಲಿ ಬೆಳೆದದ್ದು ಮೃದು, ಪರಿಮಳದ್ದು. ಕಣಿವೆಯ ಆಚೆ ಸೆರ‍್ರಲುಂಗಾದ ಹಳೆಯ, ಬಡ ಮಣ್ಣಿನದು ಗಡುಸು, ವರ್ಷಗಟ್ಟಲೆ ಕಾಯಬೇಕು. ತಳಿ ಒಂದೇ, ನಡುವಿನ ದೂರ ಕೆಲವೇ ಕಿಲೋಮೀಟರ್.

ಇಟಲಿಯ ನಂಟು ಬಾರಾಮತಿಯ ನೆರೆಗೂ ಇದೆ. ಆಗ್ನೇಯಕ್ಕೆ ಸೊಲ್ಲಾಪುರ ಜಿಲ್ಲೆಯ ಅಕಲೂಜ್‌ನಲ್ಲಿ ಫ್ರಾಟೆಲ್ಲಿ ಸಂಸ್ಥೆಗಾಗಿ ಟಸ್ಕನಿಯ ವೈನ್ ತಜ್ಞ ಪಿಯೆರೊ ಮಾಸಿ ಬಂದು ತೋಟ ಹಾಕಿಸಿದರು. ಕಿಯಾಂಟಿ ವೈನ್‌ನ ಮೂಲ ತಳಿಯಾದ ಸಾಂಜೊವೆಸೆ ಅಲ್ಲಿ ಬೆಳೆಯುತ್ತದೆ. ಕೊಪ್ಪಳ ಜಿಲ್ಲೆಯ ಕೃಸ್ಮಾ ಎಸ್ಟೇಟ್‌ನಲ್ಲೂ ಇದೇ ತಳಿ ಇದೆ.

ಋತು ತಲೆಕೆಳಗು

ಬಾರಾಮತಿ ಸಹ್ಯಾದ್ರಿಯ ಮಳೆನೆರಳಿನ ಸೀಮೆ, ವರ್ಷಕ್ಕೆ 500-600 ಮಿ.ಮೀ. ಆಸುಪಾಸು ಮಳೆ. ಇಟಲಿಯಲ್ಲಿ ಚಳಿಗಾಲಕ್ಕೆ ಬಳ್ಳಿ ನಿದ್ದೆಗೆ ಜಾರುತ್ತದೆ. ಇಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಹಾಗಾಗಿ ವರ್ಷಕ್ಕೆ ಎರಡು ಸಲ ಚಾಟಣಿ: ಕೊಯ್ಲಿನ ನಂತರ ಏಪ್ರಿಲ್ ಸುಮಾರಿಗೆ ಒಂದು, ಹಣ್ಣಿಗಾಗಿ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಇನ್ನೊಂದು. ಫೆಬ್ರವರಿ-ಮಾರ್ಚ್ ಹೊತ್ತಿಗೆ ಹಣ್ಣು ಕೊಯ್ಲಿಗೆ ಬರುತ್ತದೆ. ಚಳಿಗಾಲದ ಬಿಸಿ ಹಗಲು, ತಂಪು ರಾತ್ರಿಗಳು ಸಕ್ಕರೆಯ ಜೊತೆಗೆ ಹುಳಿಯನ್ನೂ ಉಳಿಸುತ್ತವೆ. ಕೊಯ್ಲು ಏಪ್ರಿಲ್ ಕಡೆಗೆ ಜಾರಿದರೆ ಬಿಸಿಲು ಆ ಹುಳಿಯನ್ನು ತಿಂದುಹಾಕುತ್ತದೆ. ಸುಮಾರು 900 ಮೀಟರ್ ಎತ್ತರದ ನಂದಿ ತಪ್ಪಲಿಗೆ ಇರುವ ತಂಪಿನ ಅನುಕೂಲ ಸುಮಾರು 550 ಮೀಟರಿನ ಬಾರಾಮತಿಗಿಲ್ಲ.

ರೈತನ ಲೆಕ್ಕ

ಜಾಗ ಆರಿಸುವಾಗ ತಪ್ಪಿದರೆ ತಿದ್ದುವುದು ಕಷ್ಟ. ಸಸಿ, ಕಂಬ, ತಂತಿ, ಹನಿ ಪೈಪಿಗೆ ದುಡ್ಡು ಸುರಿದ ಮೇಲೆ ಸರಿಯಾದ ಫಸಲಿಗೆ ಎರಡು-ಮೂರು ವರ್ಷ ಕಾಯಬೇಕು. ಬಳ್ಳಿ ಹತ್ತು-ಹದಿನೈದು ವರ್ಷ ಅಲ್ಲೇ ನಿಲ್ಲುವಂಥದ್ದು. ಬೇರುಕಾಂಡದ ಆಯ್ಕೆಯೂ ಹಾಗೆಯೇ. ಉಪ್ಪು ನೀರು, ಬರ ತಾಳುವ ಡಾಗ್‌ರಿಡ್ಜ್ ತಿನ್ನುವ ದ್ರಾಕ್ಷಿಯ ರೈತರ ಅಚ್ಚುಮೆಚ್ಚು, ಆದರೆ ಬಳ್ಳಿಯನ್ನು ಹುಚ್ಚಾಪಟ್ಟೆ ಬೆಳೆಸುತ್ತದೆ. ವೈನ್ ತಳಿಗಳಿಗೆ 110ಆರ್ ಹೆಚ್ಚು ಹೊಂದುತ್ತದೆ. ಇಂಥ ಸಲಹೆಗೆ ಪುಣೆಯ ಮಾಂಜರಿಯಲ್ಲಿ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರವಿದೆ. ಕಲ್ಲುನೆಲದಲ್ಲಿ ಬೇಸಾಯ ಹೇಗೆ ಎಂಬುದಕ್ಕೆ ಬಾರಾಮತಿಯ ಮಾಳೇಗಾಂವ್‌ನಲ್ಲೇ 2009ರಲ್ಲಿ ಶುರುವಾದ ರಾಷ್ಟ್ರೀಯ ಸಂಸ್ಥೆಯಿದೆ.

ಕಡಿಮೆ ಇಳುವರಿ ತೆಗೆಯಿರಿ ಎಂದು ರೈತನಿಗೆ ಹೇಳುವುದು ಸುಲಭ. ಆದರೆ ಕೆಳಗಿನ ಕಾಲುವೆ ಭೂಮಿಯವನು ಕಬ್ಬನ್ನು ಕಾರ್ಖಾನೆಗೆ ಕಳಿಸಿ ಟನ್ ಲೆಕ್ಕದಲ್ಲಿ ಹಣ ಎಣಿಸುವಾಗ, ವೈನರಿ ಕೂಡ ತೂಕಕ್ಕಷ್ಟೇ ಬೆಲೆ ಕಟ್ಟಿದರೆ ಅವನು ನಲ್ಲಿ ತಿರುಗಿಸದೆ ಇರುತ್ತಾನೆಯೇ?

ಬರೋಲೊ ಬಾಟಲಿಯ ಮೇಲೆ ಈಗ ನಿರ್ದಿಷ್ಟ ತೋಟದ ಪ್ರದೇಶದ ಹೆಸರನ್ನೂ ಹಾಕಬಹುದು, ಅವುಗಳ ಗಡಿ 2010ರಲ್ಲೇ ಗುರುತಾಗಿದೆ. ನಮ್ಮ ಬಾಟಲಿಗಳಲ್ಲಿ ವೈನರಿಯ ವಿಳಾಸ ಸಿಗುತ್ತದೆ. ಹಣ್ಣು ಬಂದದ್ದು ಗರಸಿನ ದಿಬ್ಬದಿಂದಲೋ, ಕಾಲುವೆಯ ಎರೆಯಿಂದಲೋ ಎಂಬುದು ಹೆಚ್ಚಿನವುಗಳ ಮೇಲೆ ಇರುವುದಿಲ್ಲ.